ಬಾಲ್ಕನಿಯ ಯಜಮಾನಿಕೆ

ಬೇಸಿಗೆಯಲ್ಲಿ ಕೊಲಿಂಡೇಲಿನ ಈ ಬಾಲ್ಕನಿಯಲ್ಲಿ ಕುಳಿತರೆ ನಾನು ಎಲ್ಲಿದ್ದೇನೆ ಎಂಬುದು ಆಗಾಗ ಮರೆತುಹೋಗುತ್ತದೆ. ಕೆಳಗೆ ಟ್ಯೂಬ್ ರೈಲು ಓಡುತ್ತದೆ. ಇಲ್ಲಿ ಅದು ನೆಲದೊಳಗೆ ಹೋಗುವುದಿಲ್ಲ, ಬಯಲಲ್ಲೇ ಓಡುತ್ತದೆ. ಅದರ ಸದ್ದು ಗಾಜಿಗೆ ಬಡಿದು ನಮ್ಮ ಮಹಡಿಗೆ ಬರುವಷ್ಟರಲ್ಲಿ ಮೆತ್ತಗಾಗಿ ದೂರದ ಕಡಲಿನ ಹಾಗೆ ಕೇಳುತ್ತದೆ. ಎದುರಿನ ಕಟ್ಟಡವೂ ಗಾಜು, ನಮ್ಮದೂ ಗಾಜು. ಮೋಡಗಳು ಎರಡರ ನಡುವೆ ಸಿಕ್ಕಿಕೊಂಡು ದಾರಿ ತಪ್ಪಿದ ದನಗಳ ಹಾಗೆ ಅತ್ತಿತ್ತ ತಿರುಗುತ್ತಿರುತ್ತವೆ. ಕಣ್ಣು ಅರ್ಧ ಮುಚ್ಚಿದರೆ ಮನೆಯೇ ತೇಲಿಕೊಂಡು ಹೋಗುತ್ತಿದೆ ಅನಿಸುತ್ತದೆ. ಹೋದರೆ ಹೋಗಲಿ ಎಂದು ಸುಮ್ಮನೆ ಕೂತಿರುತ್ತೇನೆ.

ನನ್ನ ಮುಂದೆ ಗಂಡನ ಹಳೆಯ ಪಂಚೆ ಹಾಸಿರುತ್ತದೆ. ಅದರ ಮೇಲೆ ಸಂಡಿಗೆ. ಅಕ್ಕಿ ನೆನೆಸಿ ರುಬ್ಬಿ, ಉಪ್ಪು ಮೆಣಸು ಹಾಕಿ ಗಂಜಿಯಂತೆ ಕಾಸಿ, ಚಮಚದಲ್ಲಿ ಬಿಟ್ಟ ಸಂಡಿಗೆ. ಈ ಊರಿನ ಬಿಸಿಲು ನಂಬುವಂಥದ್ದಲ್ಲ. ಬರುತ್ತದೆ, ಮುಖ ತೋರಿಸುತ್ತದೆ, ಏನೋ ನೆನಪಾಯಿತು ಎಂಬಂತೆ ವಾಪಸು ಹೋಗುತ್ತದೆ. ಅದು ಬಂದಾಗ ಹಾಸಬೇಕು, ಹೋದಾಗ ಎತ್ತಬೇಕು. ಇದಕ್ಕೆ ಒಬ್ಬರು ಪೂರ್ತಿ ಹೊತ್ತು ಕಾವಲಿರಬೇಕು. ನಾನಿದ್ದೆ.

ಈ ಮನೆ ನನ್ನ ಮಗಳದು. ಅವಳು, ಅಳಿಯ, ಮೊಮ್ಮಗಳು, ನಾನು. ಅಳಿಯ ಮೈಸೂರಿನವನು, ಒಳ್ಳೆಯವನು, ಮಾತು ಕಡಿಮೆ. ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಈ ದೇಶಕ್ಕೆ ಬಂದೆ. ಗಂಡ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ನಾನು ಪಾರ್ಕ್ ರಾಯಲ್ಲಿನ ಫ್ಯಾಕ್ಟರಿಯಲ್ಲಿ ತಲೆಗೆ ನೀಲಿ ಬಲೆ ಹಾಕಿಕೊಂಡು ಸ್ಯಾಂಡ್‌ವಿಚ್ ಡಬ್ಬಕ್ಕೆ ತುಂಬುತ್ತಿದ್ದೆ. ಅಲ್ಲಿನ ಚಳಿ ಈಗಲೂ ಬೆರಳುಗಳಲ್ಲಿದೆ. ಗಂಡ ಹೋದ. ನನ್ನ ಬಾಡಿಗೆ ಮನೆ ಬಿಟ್ಟು ಮಗಳ ಮನೆಗೆ ಬಂದೆ. ಅಳುವಂಥದ್ದೇನೂ ಇಲ್ಲ, ಎಲ್ಲರೂ ಹೀಗೇ ಬರುತ್ತಾರೆ.

ಬಂದ ಹೊಸತರಲ್ಲಿ ಒಂದು ಬಾಣಲೆಯನ್ನು ಒಲೆಯ ಮೇಲೆ ಮರೆತೆ. ಹೊಗೆಗೆ ಸೈರನ್ ಕೂಗಿ ಇಡೀ ಕಟ್ಟಡದವರು ಚಪ್ಪಲಿಯಿಲ್ಲದೆ ರಸ್ತೆಗೆ ಇಳಿದರು. ಅಂದಿನಿಂದ ಒಲೆಗೆ ಬೀಗ. ನಿಜವಾದ ಬೀಗವಲ್ಲ, ಗಾಜಿನ ಒಲೆ ಅದು, ಎಲ್ಲೋ ಬೆರಳಿಟ್ಟು ಹಿಡಿದರೆ ಬಿಚ್ಚುತ್ತದೆ. ಎಲ್ಲಿ ಎಂದು ಮಗಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ಪಕ್ಕದಲ್ಲಿ ನಿಂತಾಗ ಮಾತ್ರ ನನ್ನ ಅಡುಗೆ. ಟಿವಿ ಅಳಿಯನದು, ಸೋಫಾ ಎಲ್ಲರದು, ಕೋಣೆಯನ್ನು ಮೊಮ್ಮಗಳ ಜೊತೆ ಹಂಚಿಕೊಂಡಿದ್ದೇನೆ. ನಾನು ಹೇಳಿದಂತೆ ನಡೆಯುವ ಜಾಗ ಎಂದರೆ ಬಾಲ್ಕನಿ ಒಂದೇ. ಅಲ್ಲಿ ಕುರ್ಚಿ ಎಲ್ಲಿರಬೇಕು, ಪಂಚೆ ಎಷ್ಟು ಹೊತ್ತು ಇರಬೇಕು, ಯಾರು ಎಲ್ಲಿ ಕಾಲಿಡಬೇಕು ಎಂಬುದೆಲ್ಲ ನನ್ನದು. ಅಳಿಯ ಫೋನಿನಲ್ಲಿ ಮಾತಾಡಲು ಹೊರಗೆ ಬಂದರೂ ಬಾಗಿಲಲ್ಲಿ ನಿಂತು, "ಅತ್ತೆ, ಬರಬಹುದಾ?" ಎಂದು ಕೇಳುತ್ತಿದ್ದ.

ಮೊಮ್ಮಗಳು ಅಕ್ಸ್‌ಬ್ರಿಡ್ಜಿನ ಯೂನಿವರ್ಸಿಟಿಗೆ ಹೋಗುತ್ತಾಳೆ. ನನ್ನ ಮಾತು ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಡುವೆ ಒಂದೊಂದು ಕನ್ನಡದ ಪದ ಎದ್ದುಬರುತ್ತದೆ, ಗಂಜಿಯಲ್ಲಿ ಸಿಕ್ಕಿದ ಕಲ್ಲಿನ ಹಾಗೆ. ಈ ಬೇಸಿಗೆಯ ಮೊದಲಲ್ಲಿ ಅವಳಿಗೆ ಏನೋ ಬರೆಯುವುದಿತ್ತು. ಜನ ತಮ್ಮನ್ನು ತಾವೇ ಆಳಿಕೊಳ್ಳುವುದು ಎಂದರೇನು, ಬೇರೆ ಬೇರೆ ಭಾಷೆಯ ಮುದುಕರು ಅದಕ್ಕೆ ಏನೆನ್ನುತ್ತಾರೆ ಎಂದು. ಮುದುಕರು ಎಂದರೆ ಮನೆಯಲ್ಲಿ ಸಿಕ್ಕಿದವಳು ನಾನು. ಬಾಲ್ಕನಿಗೆ ಬಂದು ಕಾಲು ಮಡಚಿ ಕೂತಳು.

ನಾನು ಸಂಡಿಗೆ ಮಗುಚುತ್ತ ಹೇಳುತ್ತ ಹೋದೆ. ಶಾಲೆಯಲ್ಲಿ ಮಾಸ್ಟರು ಹೇಳಿಕೊಟ್ಟ ಪದ ಸ್ವರಾಜ್ಯ. ಬಾವುಟದ ದಿನ ಉಪ್ಪಿನ ಗದ್ದೆಯ ಅಂಚಿನಲ್ಲಿ ಸಾಲಾಗಿ ನಡೆದು ಅದನ್ನು ಕೂಗಿದ್ದೆವು. ಗಂಟಲು ನೋಯಿತು, ಅರ್ಥ ಕೇಳಲಿಲ್ಲ. ಸ್ವಾತಂತ್ರ್ಯ ಎಂದರೆ ಯಾರೂ ಹೇಳುವವರಿಲ್ಲದಿರುವುದು. ಅದನ್ನು ನಮ್ಮ ಕಡೆ ಹೆಣ್ಣುಮಕ್ಕಳ ಬಗ್ಗೆ ಹೇಳಿದರೆ ಬೈಗುಳವಾಗುತ್ತಿತ್ತು. ಅವಳಿಗೆ ಸ್ವಾತಂತ್ರ್ಯ ಹೆಚ್ಚಾಗಿದೆ ಎನ್ನುತ್ತಿದ್ದರು. ಗಂಡಸರ ಬಗ್ಗೆ ಹೀಗೆ ಹೇಳಿದ್ದನ್ನು ಕೇಳಿಲ್ಲ. ಸ್ವಾಧೀನ ಎಂದರೆ ನಮ್ಮ ಕೈಯಲ್ಲಿರುವುದು. ಗಂಡನಿಗೆ ಕೊನೆಗೆ ಎಡಗೈ ಸ್ವಾಧೀನ ಇರಲಿಲ್ಲ, ಅವನದೇ ಕೈ, ಅವನ ಮಾತು ಕೇಳುತ್ತಿರಲಿಲ್ಲ. ಕಾರುಬಾರು ಎಂದರೆ ಮನೆ ನಡೆಸುವ ಗಲಾಟೆ. ಯಜಮಾನಿಕೆ ಎಂದರೆ ಗಲಾಟೆ ಮಾಡದೆ ಕೂತಲ್ಲಿಂದ ನಡೆಸುವುದು.

ಅವಳು ಎಲ್ಲವನ್ನೂ ಫೋನಿಗೆ ಒತ್ತಿಕೊಂಡಳು. ಇವುಗಳಲ್ಲಿ ನಿಜವಾದದ್ದು ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಗೊತ್ತಿದ್ದರೆ ನಾನೇ ಯೂನಿವರ್ಸಿಟಿಗೆ ಹೋಗುತ್ತಿದ್ದೆ ಎಂದೆ. ನಕ್ಕಳು. ಬಿಳಿ ಸಂಡಿಗೆಗಳ ಮೇಲೆ ಮೋಡದ ನೆರಳು ಹರಿದುಹೋಯಿತು. ಪದಗಳೂ ಹಾಗೇ ಹೋದವು ಎಂದುಕೊಂಡಿದ್ದೆ.

ಅದೇ ದಿನಗಳಲ್ಲಿ ನಮ್ಮ ಕಟ್ಟಡಕ್ಕೆ ಸ್ವರಾಜ್ಯ ಬಂತು. ಬೇರೆ ಹೇಗೆ ಹೇಳಲಿ. ಕಟ್ಟಡ ನೋಡಿಕೊಳ್ಳಲು ಒಂದು ಕಂಪನಿ ಇತ್ತು. ಅದರವರು ಎಲ್ಲಿರುತ್ತಾರೆ ಎಂದು ಯಾರಿಗೂ ಗೊತ್ತಿಲ್ಲ. ಲಿಫ್ಟು ಕೆಟ್ಟರೆ ವಾರಗಟ್ಟಲೆ ಕೆಟ್ಟೇ ಇರುತ್ತಿತ್ತು. ಫೋನು ಮಾಡಿದರೆ ಸಂಗೀತ ಕೇಳಿಸುತ್ತಿದ್ದರು. ಮನೆ ಕೊಂಡವರೆಲ್ಲ ಸೇರಿದರೆ ಕಂಪನಿಯನ್ನು ಬಿಡಿಸಿ ತಾವೇ ನಡೆಸಬಹುದಂತೆ, ಕಾನೂನಿನಲ್ಲಿ ಅವಕಾಶ ಇದೆಯಂತೆ. ಮಗಳು ಹಿಂದೆಮುಂದೆ ನೋಡುತ್ತಿದ್ದಳು. ನಾನೇ ಹೇಳಿದೆ, ಸೇರು ಮಾರಾಯ್ತಿ, ಕಾಣದವರ ಕೈಯಲ್ಲಿ ಆಳಿಸಿಕೊಳ್ಳುವುದಕ್ಕಿಂತ ನಮ್ಮವರು ವಾಸಿ ಎಂದು. ಸೇರಿದಳು. ಕಂಪನಿ ಹೋಯಿತು. ಲಿಫ್ಟು ನಡೆಯಿತು. ಕೆಳಗಿನ ಮೀಟಿಂಗ್ ಹಾಲ್‌ನಲ್ಲಿ ಕೇಕು ಹಂಚಿದರು. ಮಗಳನ್ನು ಕಮಿಟಿಗೆ ಆರಿಸಿದರು. ನನಗೆ ಖುಷಿಯಾಯಿತು, ಇಲ್ಲ ಎನ್ನುವುದಿಲ್ಲ.

ಕಮಿಟಿಯ ಮುಖ್ಯಸ್ಥೆ ಕೆಳಗಿನ ಮಹಡಿಯ ನೈಜೀರಿಯಾದ ಹೆಂಗಸು, ಆಸ್ಪತ್ರೆಯಲ್ಲಿ ನರ್ಸ್. ನನ್ನನ್ನು ಕಂಡಾಗಲೆಲ್ಲ ಎರಡೂ ಕೈ ಹಿಡಿದು ಮಾತಾಡಿಸುತ್ತಾಳೆ. ಒಂದು ದಿನ ಗಾಳಿ ಜೋರಾಗಿ ಯಾರದೋ ಬಾಲ್ಕನಿಯ ಒಗೆದ ಚಾದರ ಹಾರಿಹೋಗಿ ರಸ್ತೆಯಲ್ಲಿ ಸೈಕಲ್ಲಿನವನ ಮುಖಕ್ಕೆ ಸುತ್ತಿಕೊಂಡಿತು. ಅವನು ಬಿದ್ದ. ಹೆಚ್ಚೇನೂ ಆಗಲಿಲ್ಲ, ಮಂಡಿ ತರಚಿತು. ಆದರೆ ಕಮಿಟಿ ಕೂತು ಒಂದು ನಿಯಮ ಬರೆಯಿತು. ಬಾಲ್ಕನಿಯಲ್ಲಿ ಯಾವುದನ್ನೂ ಒಣಗಿಸಬಾರದು. ಬಟ್ಟೆಯೂ ಇಲ್ಲ, ಬೇರೆಯದೂ ಇಲ್ಲ. ಶುಕ್ರವಾರ ಸಂಜೆ ಎಲ್ಲ ಮನೆಯವರೂ ಸೇರಿ ಕೈ ಎತ್ತಿ ಒಪ್ಪಬೇಕು. ಕಂಪನಿಯ ಕಾಲದಲ್ಲೂ ಇಂಥ ನಿಯಮ ಇತ್ತಂತೆ. ಅವರಿಗೆ ಲಿಫ್ಟೇ ಕಾಣುತ್ತಿರಲಿಲ್ಲ, ನನ್ನ ಸಂಡಿಗೆ ಎಲ್ಲಿ ಕಾಣಬೇಕು. ಈಗ ಆಳುವವರು ಪಕ್ಕದ ಬಾಗಿಲಿನವರು. ಅವರಿಗೆ ಎಲ್ಲ ಕಾಣುತ್ತದೆ.

ಸಂಡಿಗೆ ಹಾರುವುದಿಲ್ಲ ಎಂದು ಮಗಳಿಗೆ ಹೇಳಿದೆ. ಪಂಚೆ ಹಾರುತ್ತದೆ ಎಂದಳು. ಕಲ್ಲು ಇಡುತ್ತೇನೆ ಎಂದೆ. ಕಲ್ಲು ಹಾರಿದರೆ ಇನ್ನೂ ಚಂದ ಎಂದಳು. ಅಳಿಯ ತನ್ನ ಅಮ್ಮನನ್ನು ನೋಡಲು ಮೈಸೂರಿಗೆ ಹೋಗಿದ್ದ, ನಡುವೆ ಬರುವವರು ಯಾರೂ ಇರಲಿಲ್ಲ. ನನ್ನ ಅಮ್ಮನಿಗೆ ಮಾತ್ರ ಬಿಟ್ಟುಬಿಡಿ ಎಂದು ಕಮಿಟಿಯಲ್ಲಿ ಹೇಳಲು ಮಗಳಿಗೆ ಆಗುವುದಿಲ್ಲವಂತೆ, ನಾಳೆ ಎಲ್ಲರಿಗೂ ಒಬ್ಬೊಬ್ಬ ಅಮ್ಮ ಹುಟ್ಟಿಕೊಳ್ಳುತ್ತಾರಂತೆ. ಶುಕ್ರವಾರ ಬೆಳಿಗ್ಗೆ ನಾನು ಅಕ್ಕಿ ನೆನೆಹಾಕಿದೆ. ಅವಳು ಪಾತ್ರೆ ನೋಡಿದಳು, ನನ್ನನ್ನು ನೋಡಿದಳು, ಆಫೀಸಿಗೆ ಹೋದಳು.

ಸಂಜೆ ಕೆಳಗಿನ ಹಾಲ್‌ನಲ್ಲಿ ಬಿಸಿಲು ಓರೆಯಾಗಿ ಬಂದು ಎಲ್ಲರ ಮಂಡಿಯ ಮೇಲೆ ಕೂತಿತ್ತು. ಹೊಸದಾಗಿ ಬಂದ ಹುಡುಗ ಹುಡುಗಿಯರು ಗೋಡೆಗೆ ಒರಗಿ ನಿಂತಿದ್ದರು. ಅವರು ಬಾಡಿಗೆಯವರು, ಕೇಳಬಹುದು, ಕೈ ಎತ್ತುವಂತಿಲ್ಲ. ಮನೆಗೊಂದು ಕೈ. ನಾನು ಮಗಳ ಪಕ್ಕದಲ್ಲೇ ಕೂತಿದ್ದೆ. ಇನ್ನೊಂದು ಪಕ್ಕದಲ್ಲಿ ನಮ್ಮ ಮಹಡಿಯ ಗುಜರಾತಿ ಅಜ್ಜ. ಇಂಗ್ಲಿಷ್ ಮಾತು ನನ್ನ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಫ್ಯಾಕ್ಟರಿಯ ಇಂಗ್ಲಿಷ್ ನನಗೆ ಸಾಕಷ್ಟು ಬರುತ್ತದೆ, ಸಭೆಯ ಇಂಗ್ಲಿಷ್ ಬೇರೆ. ಅದು ಎಲ್ಲೂ ನಿಲ್ಲದೆ ಮೆಲ್ಲಗೆ ಸುತ್ತು ಹೊಡೆಯುತ್ತದೆ. ನಿದ್ದೆ ಬಂದಂತಾಗಿತ್ತು. ಒಪ್ಪುವವರು ಕೈ ಎತ್ತಿ ಎಂದರು. ತುಂಬಾ ಕೈ ಎದ್ದವು. ಮಗಳ ಕೈಯೂ ಎದ್ದಿತು. ಒಪ್ಪದವರು ಎಂದರು. ನಾನು ಎತ್ತಿದೆ.

ಇದನ್ನು ನಾನು ಜಗಳಕ್ಕೆಂದು ಮಾಡಿದ್ದಲ್ಲ. ಯೋಚಿಸಿದ್ದೂ ಅಲ್ಲ. ನಮ್ಮದು ಅಳಿಯಸಂತಾನದ ಕಟ್ಟು. ಮನೆ, ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ ಬರುತ್ತದೆ. ಕಾರುಬಾರು ತಾಯಿಯ ಅಣ್ಣನದು, ಎಂದರೆ ನಮಗೆ ಮಾವ. ಅವನು ಇಲ್ಲದಿದ್ದರೆ ಮನೆಯ ಹಿರಿಯ ಹೆಂಗಸು ಯಜಮಾನ್ತಿ. ಮನೆಯ ಮಾತು ಹೊರಗೆ ಆಡಬೇಕಾದರೆ ಅವಳೇ ಆಡಬೇಕು. ನನ್ನ ಅಣ್ಣಂದಿರು ಒಬ್ಬರೂ ಉಳಿದಿಲ್ಲ. ಮನೆಗೊಂದು ಕೈ ಎಂದಾಗ ಅದು ನನ್ನದು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಮಗಳು ಎತ್ತಿದ್ದನ್ನು ಕಂಡು, ಕಮಿಟಿಯವಳಲ್ಲವೇ, ಕಮಿಟಿಗಾಗಿ ಎತ್ತಿದಳು ಎಂದುಕೊಂಡೆ.

ಮುಖ್ಯಸ್ಥೆ ಎಣಿಸುವುದನ್ನು ನಿಲ್ಲಿಸಿದಳು. ಒಂದು ಮನೆಯಿಂದ ಎರಡು ಕೈ ಬಂದಿದೆ, ಯಾವುದನ್ನು ಹಿಡಿಯಲಿ ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಎಲ್ಲರೂ ನಮ್ಮ ಕಡೆ ತಿರುಗಿದರು.

ಮಗಳು ನನ್ನ ಕಿವಿಯ ಹತ್ತಿರ ಬಗ್ಗಿದಳು. "ಅಮ್ಮ, ಕೈ ಇಳ್ಸ್."

"ಎಂತಕ್ಕೆ ಇಳ್ಸುದು? ಮನಿಗೆ ಹಿರಿಯಳ್ ನಾನಲ್ದಾ?"

"ಹಿರಿಯಳ್ ಹೌದ್. ಮನಿ ನಂದ್."

ಅವಳು ಅದನ್ನು ಮೆಲ್ಲಗೇ ಹೇಳಿದಳು. ಕೈ ಕೆಳಗಿಳಿಸಲು ನನಗೆ ಮನಸ್ಸಾಗಲಿಲ್ಲ. ಮುಖ್ಯಸ್ಥೆ, ನಿಧಾನವಾಗಿ ಮಾತಾಡಿಕೊಳ್ಳಿ, ಅವಸರವಿಲ್ಲ ಎಂದಳು. ಗುಜರಾತಿ ಅಜ್ಜ ನನ್ನ ಕಡೆ ವಾಲಿ ಹಿಂದಿಯಲ್ಲಿ, ನಮ್ಮ ಮನೆಯಲ್ಲಿ ಈ ತೊಂದರೆ ಇಲ್ಲ, ನನ್ನ ಎರಡೂ ಕೈ ಹೆಂಡತಿಯವೇ ಎಂದ. ಹಿಂದೆ ಯಾರೋ ನಕ್ಕರು. ನನ್ನ ಕೈ ಮೇಲೆಯೇ ಇತ್ತು. ಬಿಸಿಲು ಬೆರಳುಗಳ ನಡುವೆ ಬಂದು ಚರ್ಮ ಕೆಂಪಾಗಿ, ಒಳಗೆ ದೀಪ ಇದ್ದಂತೆ ಕಾಣುತ್ತಿತ್ತು. ಅದನ್ನೇ ನೋಡುತ್ತಿದ್ದೆ.

ಆಗ ನನ್ನ ಕಣ್ಣೆದುರಿನಿಂದ ಆ ಸಭೆ ಹೋಗಿ ಊರಿನ ನಮ್ಮ ಮನೆಯ ಚಾವಡಿ ಬಂತು. ದೊಡ್ಡ ಮಾವ ಕುರ್ಚಿಯಲ್ಲಿ ಕೂತಿದ್ದಾನೆ. ಮರ ಕೊಯ್ಯುವವರು ಅಂಗಳದಲ್ಲಿ ನಿಂತಿದ್ದಾರೆ. ಬಾವಿಯ ಹತ್ತಿರದ ಹಲಸಿನ ಮರ ಕಡಿಯುವ ಮಾತು. ಅಮ್ಮನಿಗೆ ಆ ಮರ ಬೇಕಿತ್ತು. ಅದರ ಬುಡದಲ್ಲಿ ಕೂತು ಅವಳು ಅಕ್ಕಿ ಆರಿಸುತ್ತಿದ್ದಳು, ಅಲ್ಲಿ ಕೂತಾಗ ಅವಳ ಮುಖ ಬೇರೆಯೇ ಇರುತ್ತಿತ್ತು. ಜಾಗ ಅವಳ ಹೆಸರಿನದು, ಮರ ಅವಳದು. ಮಾವ ಅವಳನ್ನು ಕೇಳಲಿಲ್ಲ. ಕೆಟ್ಟವನಲ್ಲ ಅವನು. ಸಂತೆಯಿಂದ ನನಗೆ ರಿಬ್ಬನ್ ತರುತ್ತಿದ್ದ, ಅಮ್ಮನಿಗೆ ಜ್ವರ ಬಂದರೆ ತಾನೇ ಕಷಾಯ ಕಾಸುತ್ತಿದ್ದ. ಕೇಳಬೇಕು ಎಂಬುದೇ ಅವನಿಗೆ ತಿಳಿದಿರಲಿಲ್ಲ. ಅಮ್ಮ ಬಾಗಿಲ ಹಿಂದೆ ನಿಂತು ದಾರಂದವನ್ನು ಹಿಡಿದಿದ್ದಳು. ಅವಳ ಉಗುರು ಬೆಳ್ಳಗಾಗಿದ್ದು ನನಗೆ ಕಾಣುತ್ತಿತ್ತು. ಮರ ಬಿತ್ತು.

ಮಗಳ ಕೈ ಕಂಡೆ. ಕುರ್ಚಿಯ ಅಂಚನ್ನು ಹಿಡಿದಿದ್ದಳು. ಇಲ್ಲಿಯ ಮನೆಗಾಗಿ ಅವಳು ಎಷ್ಟು ವರ್ಷ ಬೆಳಗಿನ ಕತ್ತಲಲ್ಲಿ ಟ್ಯೂಬ್ ಹತ್ತಿದ್ದಾಳೆ ಎಂದು ನನಗೆ ಗೊತ್ತು. ಒಪ್ಪುವವರ ಕೈಗಳು ಹೇಗೂ ಹೆಚ್ಚಿದ್ದವು, ನಾನು ಎತ್ತಿದರೂ ಇಳಿಸಿದರೂ ನಿಯಮ ನಿಲ್ಲುತ್ತಿತ್ತು. ಅದೂ ಗೊತ್ತಿತ್ತು. ಹಾಗಿದ್ದರೂ ಇಡೀ ಸಭೆ ಕಾಯುತ್ತಿದ್ದದ್ದು ಒಂದಕ್ಕೇ, ಈ ಮನೆಯಲ್ಲಿ ಯಾರು ಯಾರ ಪರವಾಗಿ ಮಾತಾಡುತ್ತಾರೆ ಎಂಬುದಕ್ಕೆ. ನಾನು ಮಾವನ ಕುರ್ಚಿಯಲ್ಲಿ ಕೂತಿದ್ದೆ. ಕೂತದ್ದು ಆರಾಮಾಗಿಯೂ ಇತ್ತು.

ಕೈ ಇಳಿಸಿದೆ. ಪ್ರೀತಿ ಉಕ್ಕಿ ಇಳಿಸಿದ್ದಲ್ಲ. ಸಿಟ್ಟು ಇತ್ತು, ಅದು ಹಾಗೇ ಇತ್ತು. "ಇವಳದ್ದೇ ಬರ್ಕಣಿ," ಎಂದು ಮುಖ್ಯಸ್ಥೆಗೆ ಕನ್ನಡದಲ್ಲೇ ಹೇಳಿದೆ. ಅವಳಿಗೆ ಅರ್ಥವಾಯಿತು.

ಲಿಫ್ಟಿನಲ್ಲಿ ಇಬ್ಬರೂ ನಂಬರುಗಳನ್ನು ನೋಡುತ್ತ ನಿಂತೆವು. ಮನೆಗೆ ಬಂದು ನಾನು ಬಾಲ್ಕನಿಗೆ ಹೋಗಿ ಕುರ್ಚಿ ಒಳಗೆ ತಂದೆ. ಕುರ್ಚಿ ಇರಬಹುದು, ಅದಕ್ಕೆ ನಿಯಮವಿಲ್ಲ ಎಂದಳು ಮಗಳು. ಏನನ್ನೂ ಒಣಗಿಸದೆ ಅಲ್ಲಿ ಕೂತು ನಾನೇ ಒಣಗಬೇಕೇ ಎಂದು ಕೇಳಿದೆ. ಅವಳಿಗೆ ನಗು ಬಂತು, ತಡೆದುಕೊಂಡಳು. ಓವನ್ನಿನಲ್ಲಿ ಸಣ್ಣ ಉರಿಯಲ್ಲಿ ಇಟ್ಟರೆ ಆಗುವುದಿಲ್ಲವೇ ಎಂದಳು. ಆಗುತ್ತದೆ, ಬಿಸ್ಕತ್ತು ಆಗುತ್ತದೆ ಎಂದೆ.

ಸ್ವಲ್ಪ ಹೊತ್ತು ಬಿಟ್ಟು ನನ್ನನ್ನು ಒಲೆಯ ಹತ್ತಿರ ಕರೆದಳು. ನನ್ನ ತೋರುಬೆರಳನ್ನು ಹಿಡಿದು ಗಾಜಿನ ಮೂಲೆಯ ಒಂದು ಚುಕ್ಕೆಯ ಮೇಲೆ ಇಟ್ಟು ಒತ್ತಿ ಹಿಡಿದಳು. ಕೆಂಪು ದೀಪ ಹತ್ತಿತು. "ಬೆಳಿಗ್ಗೆ ನೀನೇ ಕಾಸ್ಕೊ. ನಾ ಬಾಯ್ ಹಾಕುದಿಲ್ಲ."

ಮತ್ತೊಬ್ಬರು ಬೆರಳು ಹಿಡಿದು ಕೊಟ್ಟದ್ದನ್ನು ನನ್ನ ರಾಜ್ಯ ಎನ್ನಲು ಬರುವುದಿಲ್ಲ. ಕೊಟ್ಟವರು ನಾಳೆ ತೆಗೆದುಕೊಳ್ಳಬಹುದು. ಮೊಮ್ಮಗಳ ಪಾಠದಲ್ಲಿ ಇದಕ್ಕೂ ಒಂದು ಪದ ಇರಬೇಕು. ಅಕ್ಕಿ ನೆನೆದಿತ್ತು, ಹುಳಿಯಾಗುವ ಮೊದಲು ಕಾಸಬೇಕಿತ್ತು. ಆಗಲಿ ಎಂದೆ.

ಶನಿವಾರ ಬೆಳಿಗ್ಗೆ ಒಬ್ಬಳೇ ಕಾಸಿದೆ. ಮಗಳು ಒಳಗಿನ ಕೋಣೆಯಲ್ಲಿ ನಿದ್ದೆಯಿಲ್ಲದೆ ಮಲಗಿದ್ದಳು. ಹಿಟ್ಟು ಕುದಿಯುವ ಗುಳುಗುಳು ಅವಳಿಗೂ ಕೇಳುತ್ತಿತ್ತು, ಅವಳ ಎಚ್ಚರ ನನಗೂ ಕೇಳುತ್ತಿತ್ತು. ಪಾತ್ರೆ ಇಳಿಸಿ ಒಲೆ ಆರಿಸಿ ಮೊಮ್ಮಗಳನ್ನು ಎಬ್ಬಿಸಿದೆ. ಪಾತ್ರೆ ಅವಳ ಕೈಗೆ, ಪಂಚೆ ಚಮಚ ನನ್ನ ಕೈಗೆ. ರಸ್ತೆ ದಾಟಿ ಆಚೆಯ ಪಾರ್ಕಿಗೆ ಹೋದೆವು.

ಅವಳು ಗೇಟಿನ ಹತ್ತಿರ ನಿಂತು ಕೌನ್ಸಿಲ್‌ನವರ ಬೋರ್ಡು ಓದಿದಳು. ಬೆಂಕಿ ಹಚ್ಚಬಾರದು, ನಾಯಿ ಗಲೀಜು ಮಾಡಿದರೆ ಎತ್ತಬೇಕು, ಕುಡಿಯಬಾರದು. ಸಂಡಿಗೆಯ ಬಗ್ಗೆ ಏನೂ ಇಲ್ಲ ಎಂದಳು. ಹುಲ್ಲಿನ ಮೇಲೆ ಪಂಚೆ ಹಾಸಿದೆವು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಮರಗಳ ಬುಡ ಇರಲಿಲ್ಲ, ತಲೆ ಮಾತ್ರ ಇತ್ತು. ನಾನು ಬಿಡುತ್ತ ಹೋದೆ, ಒಂದರ ಪಕ್ಕ ಒಂದು. ಅವಳೂ ಬಿಟ್ಟಳು, ಅವಳವು ಒಂದೂ ದುಂಡಗಾಗಲಿಲ್ಲ. ಓಡುವವರು ಓಡುತ್ತ ತಿರುಗಿ ನೋಡಿದರು. ಮಂಜು ಎದ್ದು ಬಿಸಿಲು ಇಳಿಯಿತು.

ಹುಲ್ಲು ಕತ್ತರಿಸುವ ಗಾಡಿ ಬಂತು. ಮೇಲೆ ಕಿವಿಗೆ ಸದ್ದು ತಡೆಯುವ ಡಬ್ಬ ಹಾಕಿಕೊಂಡ ಹೆಂಗಸು. ನಮ್ಮ ಹತ್ತಿರ ಬಂದು ನಿಲ್ಲಿಸಿ, ಪಂಚೆಯನ್ನೂ ನನ್ನನ್ನೂ ನೋಡಿದಳು. ಮೊಮ್ಮಗಳು ಇಂಗ್ಲಿಷಿನಲ್ಲಿ ಏನೇನೋ ವಿವರಿಸಿದಳು. ಆ ಹೆಂಗಸು ತಲೆಯಾಡಿಸಿ, ಗಾಡಿಯನ್ನು ಓರೆ ಮಾಡಿ, ನಮ್ಮನ್ನು ಸುತ್ತಿಕೊಂಡು ಹೋದಳು. ಮತ್ತೆ ಬಂದಾಗಲೂ ಸುತ್ತಿಕೊಂಡು ಹೋದಳು. ಅವಳು ಹೋದ ಮೇಲೆ ನೋಡಿದರೆ ಸುತ್ತಲೂ ಹುಲ್ಲು ಗಿಡ್ಡ, ನಮ್ಮ ಸುತ್ತ ಮಾತ್ರ ಉದ್ದ. ಹಸಿರು ದ್ವೀಪದಲ್ಲಿ ಕೂತಂತಿತ್ತು. ಕತ್ತರಿಸಿದ ಹುಲ್ಲಿನ ವಾಸನೆಗೆ ಕಣ್ಣಿಗೆ ಜೊಂಪು ಹತ್ತಿತು.

ಮಗಳು ಬಂದದ್ದು ನನಗೆ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಎದುರು ಕೂತಿದ್ದಳು, ಚಪ್ಪಲಿ ಪಕ್ಕಕ್ಕಿಟ್ಟು. ಪಂಚೆಯ ಅಂಚಿನಿಂದ ಅರ್ಧ ಒಣಗಿದ ಒಂದು ಸಂಡಿಗೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದಳು. ಮೇಲೆ ಗಟ್ಟಿ, ಒಳಗೆ ಮೆತ್ತಗೆ ಇರುವಾಗ ಅದಕ್ಕೆ ಬೇರೆಯೇ ರುಚಿ. ಚಿಕ್ಕವಳಿದ್ದಾಗ ಹೀಗೆ ಕದ್ದು ತಿಂದು ಬೈಸಿಕೊಳ್ಳುತ್ತಿದ್ದಳು. ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, "ಉಪ್ಪ್ ಹೆಚ್ಚಾಯ್ತ್," ಎಂದಳು.

"ಇಂದ್ ಅಡ್ಗಿಮನಿ ನಂದ್. ಆಚಿ ತುದಿ ಹಿಡಿ, ನೆರ್ಳ್ ಬಂತ್," ಎಂದೆ.

ಅವಳು ಎದ್ದು ಎರಡು ತುದಿ ಹಿಡಿದಳು, ಎರಡು ತುದಿ ನಾನು ಹಿಡಿದೆ. ಸಂಡಿಗೆ ಜಾರದಂತೆ ಬಿಗಿಯಾಗಿ ಎಳೆದುಕೊಂಡು ಬಿಸಿಲಿದ್ದ ಕಡೆಗೆ ನಡೆದೆವು.